ಪೊರೆ ಆಪರೇಷನ್ನಿಂದ ಬಂದ ಸಿಲಿಂಡರ್ ಅಳೆಯೋದು ಹೇಗೆ: ದಯವಿಟ್ಟು ಬರೀ ಮೈನಸ್ ಮಾಡ್ಬೇಡಿ

ಆಪರೇಷನ್ನಿಗೆ ಮುಂಚೆ ಕಾರ್ನಿಯಾದಲ್ಲಿ 0.75 ಸಿಲಿಂಡರ್ ಇತ್ತು, ಒಂದೂವರೆ ತಿಂಗಳಾದ್ಮೇಲೆ ನೋಡಿದ್ರೆ 1.00 ಇದೆ, ಅಂದ್ರೆ ಸರ್ಜರಿಯಿಂದ ಬಂದಿದ್ದು ಬರೀ ಕಾಲು ಡಯಾಪ್ಟರ್ (ಪವರ್ ಅಳೆಯೋ ಮಾನ), ಸೂಪರ್ ಸರ್ಜನ್ನು! ಹೀಗೆ ಬರೆದಿರೋ ಕೇಸ್ ಶೀಟು, ಥೀಸಿಸ್ಸು ಎಷ್ಟು ನೋಡಿದೀನೋ ಲೆಕ್ಕ ಇಲ್ಲ, ಶುರುವಿನಲ್ಲಿ ನಾನೂ ಹೀಗೇ ಬರೀತಿದ್ದೆ ಅದು ಬೇರೆ ವಿಷಯ. ಅದೇ ಕಣ್ಣಿಗೆ ಸರಿಯಾಗಿ ಲೆಕ್ಕ ಹಾಕಿದ್ರೆ ಉತ್ತರ 1.72 ಡಯಾಪ್ಟರ್. ಕಾಲು ಎಲ್ಲಿ, ಒಂದೂಮುಕ್ಕಾಲು ಎಲ್ಲಿ. ಇದು ಹೇಗೆ ಆಗುತ್ತೆ, ಸರಿಯಾದ ಲೆಕ್ಕ ಹೇಗೆ ಹಾಕೋದು ಅಂತ ಆಪ್ಟೊಮೆಟ್ರಿ ಹುಡುಗ್ರಿಗೆ, ಪಿಜಿ ಮಾಡ್ತಿರೋರಿಗೆ, ರಿಫ್ರಾಕ್ಷನ್ ರೂಮಲ್ಲಿ ಹೊಸದಾಗಿ ಕೂತಿರೋರಿಗೆ ಉಪಯೋಗ ಆಗ್ಲಿ ಅಂತ ಬರೀತಿದೀನಿ. ಪೇಶೆಂಟ್ ಕಡೆಯವರು ಓದಿದ್ರೂ ನಷ್ಟ ಇಲ್ಲ, "ಆಪರೇಷನ್ ಆದ್ಮೇಲೂ ಕನ್ನಡಕ ಯಾಕೆ ಸಾರ್" ಅನ್ನೋ ಪ್ರಶ್ನೆಗೆ ಅರ್ಧ ಉತ್ತರ ಸಿಗುತ್ತೆ.

ಮೊದಲು ವಿಷಯ ಏನು ಅಂತ ಸ್ವಲ್ಪ. ಕಾರ್ನಿಯಾ ಅಂದ್ರೆ ಕಣ್ಣಿನ ಮುಂದಿರೋ ಪಾರದರ್ಶಕ ಗುಮ್ಮಟ. ಅದು ಕಿತ್ತಳೆ ಹಣ್ಣಿನ ಥರ ಎಲ್ಲಾ ಕಡೆ ಒಂದೇ ಸಮ ಉಬ್ಬಿದ್ರೆ ಸಿಲಿಂಡರ್ ಇಲ್ಲ, ಮಾವಿನ ಹಣ್ಣಿನ ಮೈ ಥರ ಒಂದು ದಿಕ್ಕಿಗೆ ಜಾಸ್ತಿ ಉಬ್ಬು ಇನ್ನೊಂದು ದಿಕ್ಕಿಗೆ ಕಮ್ಮಿ ಉಬ್ಬು ಇದ್ರೆ ಅದೇ ಅಸ್ಟಿಗ್ಮ್ಯಾಟಿಸಂ, ನಾವು ಬಾಯ್ಮಾತಲ್ಲಿ ಸಿಲಿಂಡರ್ ಅನ್ನೋದು. ಜಾಸ್ತಿ ಉಬ್ಬಿರೋ ದಿಕ್ಕು ಸ್ಟೀಪ್, ಕಮ್ಮಿ ಉಬ್ಬಿರೋದು ಫ್ಲ್ಯಾಟ್. ಪೊರೆ ತೆಗೆಯೋಕೆ ಅಂಚಲ್ಲಿ ಒಂದು ಕೊಯ್ತ ಹಾಕಲೇಬೇಕು. ಆ ಜಾಗದಲ್ಲಿ ಕಾರ್ನಿಯಾದ ಬಿಗಿ ಸಡಿಲ ಆಗಿ ಆ ದಿಕ್ಕು ಚಪ್ಪಟೆ ಆಗುತ್ತೆ, ಅದಕ್ಕೆ ಅಡ್ಡ 90 ಡಿಗ್ರಿಯಲ್ಲಿರೋ ದಿಕ್ಕು ಉಬ್ಬುತ್ತೆ. ಹೊಲಿಗೆ ಹಾಕಿ ಬಿಗಿಯಾಗಿ ಎಳೆದಿದ್ರೆ ಇದು ಉಲ್ಟಾ, ಹೊಲಿಗೆ ಇರೋ ದಿಕ್ಕೇ ಸ್ಟೀಪ್ ಆಗುತ್ತೆ, ಆಮೇಲೆ ಹೊಲಿಗೆ ಬಿಚ್ಚಿದಾಗ ಅಥವಾ ಅದೇ ಸಡಿಲ ಆದಾಗ ನಿಧಾನಕ್ಕೆ ಆ ಕಡೆಯಿಂದ ಈ ಕಡೆಗೆ ಜಾರುತ್ತೆ.

ಕೊಯ್ತ ಎಷ್ಟು ಉದ್ದ, ಎಲ್ಲಿ, ಕಾರ್ನಿಯಾದ ಮಧ್ಯಕ್ಕೆ ಎಷ್ಟು ಹತ್ರ, ಇಷ್ಟರ ಮೇಲೆ ಬಹುತೇಕ ಎಲ್ಲಾ ನಿಂತಿದೆ. ಹಿಂದೆ 10-12 ಎಂಎಂ ಕೊಯ್ದು ಹೊಲಿಗೆ ಹಾಕೋ ಕಾಲ ಇತ್ತು. ನಮ್ಮ ಡಾಕ್ಟರ್ ಎಂ.ಸಿ. ಮೋದಿ ಅವರು ಊರೂರಿಗೆ ಹೋಗಿ ಕ್ಯಾಂಪ್ ಹಾಕಿ ಸಾಲಾಗಿ ಆಪರೇಷನ್ ಮಾಡ್ತಿದ್ದ ದಿನಗಳಲ್ಲಿ ಒಳಗೆ ಲೆನ್ಸ್ ಹಾಕೋ ರೂಢಿ ಇರ್ಲಿಲ್ಲ, ಎಲ್ಲರಿಗೂ ಸೋಡಾಬುಡ್ಡಿ ಕನ್ನಡಕ, ಪ್ಲಸ್ ಹತ್ತು ಡಯಾಪ್ಟರ್ ಗಾಜಿನ ಮುಂದೆ ಅರ್ಧ ಒಂದು ಸಿಲಿಂಡರ್ ಯಾರಿಗೆ ಬೇಕಿತ್ತು, ಕುರುಡು ಹೋಗಿ ದಾರಿ ಕಂಡ್ರೆ ಸಾಕಿತ್ತು. ಈಗ ಕಥೆ ಬೇರೆ. ಫೇಕೋದಲ್ಲಿ ಅಂದ್ರೆ ಅಲ್ಟ್ರಾಸೌಂಡ್ ಸೂಜಿಯಿಂದ ಪೊರೆ ಪುಡಿ ಮಾಡಿ ಹೀರಿ ತೆಗೆಯೋ ಆಪರೇಷನ್ನಲ್ಲಿ 2.2ರಿಂದ 2.8 ಎಂಎಂ, ಎಸ್‌ಐಸಿಎಸ್‌ನಲ್ಲಿ ಅಂದ್ರೆ ಹೊಲಿಗೆ ಇಲ್ಲದ ಸಣ್ಣ ಕೊಯ್ತದ ಆಪರೇಷನ್ನಲ್ಲಿ 6ರಿಂದ 7 ಎಂಎಂ ಸ್ಕ್ಲೀರಲ್ ಟನಲ್ (ಕಣ್ಣಿನ ಬಿಳಿ ಭಾಗದಲ್ಲಿ ಕೊರೆದ ಸುರಂಗ), ಒಳಗೆ ಲೆನ್ಸ್, ಹೊರಗೆ ಕನ್ನಡಕ ಇಲ್ಲದೆ ಬಸ್ ಬೋರ್ಡ್ ಓದ್ಬೇಕು ಅನ್ನೋ ಆಸೆ. ಆಗ ಈ ಕಾಲು ಅರ್ಧ ಎಲ್ಲಾ ಲೆಕ್ಕಕ್ಕೆ ಬರುತ್ತೆ.

ಸರಿ, ಅಳೆಯೋದಕ್ಕೆ ಬರೋಣ. ಒಂದು ಮಾತು ಮೊದಲೇ ಹೇಳ್ಬಿಡ್ತೀನಿ, ಕನ್ನಡಕದ ಸಿಲಿಂಡರ್ ಇಟ್ಕೊಂಡು ಈ ಲೆಕ್ಕ ಹಾಕ್ಬೇಡಿ. ಆಪರೇಷನ್ನಿಗೆ ಮುಂಚಿನ ಕನ್ನಡಕದಲ್ಲಿ ಆ ಹಳೇ ಪೊರೆ ಕಟ್ಟಿದ ಲೆನ್ಸಿನ ಸಿಲಿಂಡರೂ ಸೇರಿರುತ್ತೆ, ಆಮೇಲಿನದರಲ್ಲಿ ಹೊಸ ಲೆನ್ಸ್ ಒಂಚೂರು ವಾಲಿದ್ರೆ ಅದೂ ಸೇರುತ್ತೆ. ನಮಗೆ ಬೇಕಿರೋದು ಕೊಯ್ತ ಕಾರ್ನಿಯಾಗೆ ಏನು ಮಾಡ್ತು ಅನ್ನೋದು. ಅದಕ್ಕೆ ಕೆರಟೋಮೆಟ್ರಿಯೇ, ಅಂದ್ರೆ ಕಾರ್ನಿಯಾದ ಉಬ್ಬು ಅಳೆಯೋ ಪರೀಕ್ಷೆಯೇ ಬೇಕು, ಮುಂಚೆ ಒಂದು ಸಲ, ಆಮೇಲೆ ಒಂದು ಸಲ, ಎರಡೂ ಒಂದೇ ಮೆಷಿನ್ನಲ್ಲಿ. ಇಲ್ಲಿ ಮ್ಯಾನ್ಯುಯಲ್ಲು ಅಲ್ಲಿ ಆಟೋ ಅಂತ ಬೆರೆಸಿದ್ರೆ ಮುಗೀತು. ಯಾಕಂದ್ರೆ ಒಂದೊಂದು ಮೆಷಿನ್ ಕಾರ್ನಿಯಾದ ಮಧ್ಯದಿಂದ ಒಂದೊಂದು ದೂರದಲ್ಲಿ ಅಳೆಯುತ್ತೆ, ಮ್ಯಾನ್ಯುಯಲ್ ನೋಡೋದು ಸುಮಾರು 3 ಎಂಎಂ ವೃತ್ತ, ಲೆನ್ಸ್ ಪವರ್ ಲೆಕ್ಕಕ್ಕೆ ಕಣ್ಣು ಅಳೆಯೋ ಬಯೋಮೀಟರ್‌ಗಳು ಅದಕ್ಕಿಂತ ಒಳಗೆ. ಜೊತೆಗೆ ಬಾಗಿನಿಂದ ಪವರ್‌ಗೆ ಬದಲಾಯಿಸೋ ಇಂಡೆಕ್ಸ್ ಕೂಡ ಎಲ್ಲದರಲ್ಲೂ ಒಂದೇ ಅಲ್ಲ. ಸಾಮಾನ್ಯವಾಗಿ 1.3375, ಅಂದ್ರೆ 337.5 ಅನ್ನೋ ಸಂಖ್ಯೆನ ಎಂಎಂನಲ್ಲಿರೋ ರೇಡಿಯಸ್‌ನಿಂದ ಭಾಗಿಸಿದ್ರೆ ಡಯಾಪ್ಟರ್. 7.5 ಎಂಎಂಗೆ 45.00 ಬರುತ್ತೆ. ಕೆಲವು ಮೆಷಿನ್ನಲ್ಲಿ 1.332 ಸೆಟ್ ಆಗಿರುತ್ತೆ. ಸೆಟ್ಟಿಂಗ್ಸ್ ತೆಗೆದು ನೋಡಿ, ಯಾರೂ ನೋಡಲ್ಲ.

ಈಗ ಅಜ್ಜ ಒಬ್ಬರು ಬಂದು ಕೂತ್ರು ಅಂದ್ಕೊಳ್ಳಿ. ನಿಮ್ಮ ಮುಂದಿರೋದು ಬಾಷ್ ಅಂಡ್ ಲೋಂಬ್ ಥರದ ಮ್ಯಾನ್ಯುಯಲ್ ಕೆರಟೋಮೀಟರ್, ಜಿಲ್ಲಾ ಕೇಂದ್ರದ ಆಸ್ಪತ್ರೆಗಳಲ್ಲಿ ಇವತ್ತಿಗೂ ಅದೇ ಗಟ್ಟಿ ಕುದುರೆ. ಮೊದಲು ಐಪೀಸ್ ಫೋಕಸ್ ಮಾಡಿ, ನಿಮ್ಮ ಕಣ್ಣಿಗೆ ಒಳಗಿನ ಕ್ರಾಸ್ ಗೆರೆ ಚೂಪಾಗಿ ಕಾಣಬೇಕು. ಹಿಂದಿನ ಶಿಫ್ಟಲ್ಲಿ ಕೂತಿದ್ದೋರು ಮೈನಸ್ ನಾಲ್ಕು ಕನ್ನಡಕದೋರು ಆಗಿದ್ದು ನೀವು ತಿರುಗಿಸದೇ ಹಾಗೇ ಅಳೆದ್ರೆ ರೀಡಿಂಗ್ ತಪ್ಪುತ್ತೆ, ಪೇಶೆಂಟ್ ತಪ್ಪಲ್ಲ, ನಿಮ್ಮ ತಪ್ಪು. "ಅಜ್ಜಾ, ಗದ್ದ ಇಲ್ಲಿಡಿ, ಹಣೆ ಈ ಪಟ್ಟಿಗೆ ಒತ್ತಿ, ಬಾಯಿ ಮುಚ್ಕೊಳ್ಳಿ, ಒಳಗೆ ನಿಮ್ಮ ಕಣ್ಣೇ ಕಾಣುತ್ತೆ ನೋಡಿ, ಅದನ್ನೇ ನೋಡ್ತಿರಿ." ಪೊರೆ ಗಟ್ಟಿಯಾಗಿದ್ರೆ ಅವರಿಗೆ ಏನೂ ಕಾಣಲ್ಲ, ಆಗ "ನೇರಕ್ಕೆ ನೋಡಿ" ಅಂತ ಹೇಳಿ ಇನ್ನೊಂದು ಕಣ್ಣಿಂದ ಗುರಿ ಹಿಡಿಸ್ಬೇಕು.

ಮೂರು ಬೆಳಕಿನ ವೃತ್ತ ಕಾಣುತ್ತೆ. ಕೆಳಗೆ ಬಲಕ್ಕಿರೋದು ಎರಡೆರಡಾಗಿ ಕಂಡ್ರೆ ಫೋಕಸ್ ಇಲ್ಲ, ಒಂದಾಗೋವರೆಗೂ ಗುಂಡಿ ತಿರುಗಿಸಿ, ಕೊನೇವರೆಗೂ ಒಂದು ಕೈ ಅಲ್ಲೇ ಇರ್ಲಿ ಯಾಕಂದ್ರೆ ಅಜ್ಜ ಉಸಿರಾಡಿದ್ರೂ ಫೋಕಸ್ ಹೋಗುತ್ತೆ. ಪ್ಲಸ್ ಗುರುತುಗಳು ಒಂದೇ ಗೆರೆಗೆ ಬರೋ ಹಾಗೆ ಇಡೀ ಬ್ಯಾರಲ್ ತಿರುಗಿಸಿ, ಆಗ ಸಿಗೋದು ಆಕ್ಸಿಸ್, ಅಂದ್ರೆ ಸಿಲಿಂಡರ್ ಎಷ್ಟು ಡಿಗ್ರಿ ದಿಕ್ಕಲ್ಲಿದೆ ಅನ್ನೋದು. ಆಮೇಲೆ ಪ್ಲಸ್ ಮೇಲೆ ಪ್ಲಸ್ ಕೂರಿಸಿ, ಮೈನಸ್ ಮೇಲೆ ಮೈನಸ್ ಕೂರಿಸಿ, ಎರಡೂ ಡ್ರಮ್ ಓದಿ. ಮಧ್ಯೆ ಮಧ್ಯೆ "ಒಂದ್ಸಲ ಕಣ್ಣು ಮಿಟುಕಿಸಿ" ಅಂತಿರಿ, ಕಣ್ಣೀರಿನ ಪದರ ಒಣಗಿದ್ರೆ ವೃತ್ತಗಳು ಅಲೆ ಅಲೆ ಆಗಿ ಕಾಣುತ್ತೆ, ಆ ರೀಡಿಂಗ್ ಇಟ್ಕೊಂಡು ಏನೂ ಪ್ರಯೋಜನ ಇಲ್ಲ.

ಇಲ್ಲಿ ಒಂದು ಸಣ್ಣ ವಿಷಯ ಇದೆ, ಇದನ್ನ ನನಗೆ ಯಾರೂ ಹೇಳ್ಕೊಡ್ಲಿಲ್ಲ. ವಯಸ್ಸಾದವರಿಗೆ ರೆಪ್ಪೆ ಜೋತು ಬಿದ್ದಿರುತ್ತೆ, ನಾವು ಹೆಬ್ಬೆರಳಿಂದ ಎತ್ತಿ ಹಿಡಿದು ಅಳೀತೀವಿ. ಎತ್ತೋ ಬೆರಳು ಹುಬ್ಬಿನ ಕೆಳಗಿನ ಮೂಳೆ ಮೇಲೆ ನಿಲ್ಲಬೇಕು, ಗುಡ್ಡೆ ಮೇಲೆ ಒತ್ತಬಾರದು. ಒತ್ತಿದ್ರೆ ಅಲ್ಲೇ ನಿಮ್ಮ ಕಣ್ಣೆದುರಿಗೇ ಮೈನಸ್ ಗುರುತು ಜಾರೋದು ಕಾಣುತ್ತೆ, ಬೇಕಾದ್ರೆ ಪಕ್ಕದವರ ಕಣ್ಣಲ್ಲಿ ಟ್ರೈ ಮಾಡಿ ನೋಡಿ, ಬೆರಳು ತೆಗೆದ್ರೆ ವಾಪಸ್ ಬರುತ್ತೆ. ಅಂದ್ರೆ ನೀವೇ ಬೆರಳಲ್ಲಿ ಅಸ್ಟಿಗ್ಮ್ಯಾಟಿಸಂ ತಯಾರು ಮಾಡಿ ಅದನ್ನ ಸರ್ಜನ್ ತಲೆಗೆ ಕಟ್ತಿದೀರಿ.

ಇನ್ನು ಕೆ ರೀಡಿಂಗ್, ಅಂದ್ರೆ ಈ ಕೆರಟೋಮೀಟರ್ ರೀಡಿಂಗ್, ಯಾವಾಗ್ಲೂ ಎಲ್ಲಕ್ಕಿಂತ ಮೊದಲು. ಮರಗಟ್ಟಿಸೋ ಡ್ರಾಪ್ಸ್ ಹಾಕಿ, ಕಣ್ಣಿನ ಪ್ರೆಶರ್ ಮುಟ್ಟಿ ನೋಡಿ, ಕಣ್ಣಿನ ಉದ್ದ ಅಳೆಯೋ ಎ-ಸ್ಕ್ಯಾನ್ ಪ್ರೋಬ್ ಒತ್ತಿ, ಆಮೇಲೆ ಕೆ ತೆಗೆಯೋದು ಅಂದ್ರೆ ಕೆಸರು ತುಳಿದ ಮೇಲೆ ರಂಗೋಲಿ ಹಾಕಿದ ಹಾಗೆ. ಕಾಂಟ್ಯಾಕ್ಟ್ ಲೆನ್ಸ್ ಹಾಕೋರಾದ್ರೆ ಸಾಫ್ಟ್ ಇದ್ರೆ ವಾರ ಎರಡು ವಾರ, ಗಟ್ಟಿ ಲೆನ್ಸ್ ಆದ್ರೆ ಇನ್ನೂ ಜಾಸ್ತಿ ದಿನ ಬಿಡಿಸಿ ಬರೋಕೆ ಹೇಳಿ. ಮೂರು ಸಲ ಅಳೆಯಿರಿ. ನನ್ನ ರೂಲ್ ಏನಂದ್ರೆ ಪವರ್ ಕಾಲು ಡಯಾಪ್ಟರ್‌ಗಿಂತ ಜಾಸ್ತಿ ಅಥವಾ ಆಕ್ಸಿಸ್ ಹತ್ತು ಡಿಗ್ರಿಗಿಂತ ಜಾಸ್ತಿ ಆಚೀಚೆ ಆದ್ರೆ ಮತ್ತೆ ಮೊದಲಿಂದ, ಆದ್ರೆ ಸಿಲಿಂಡರೇ ಕಾಲು ಡಯಾಪ್ಟರ್ ಇರೋ ಕಣ್ಣಲ್ಲಿ ಆಕ್ಸಿಸ್ ಹಾರಾಡೋದು ಸಹಜ, ಅದಕ್ಕೆ ತಲೆ ಕೆಡಿಸ್ಕೋಬೇಡಿ, ಲೆಕ್ಕದಲ್ಲಿ ಅದು ತಾನಾಗೇ ಚಿಕ್ಕದಾಗಿ ಕೂರುತ್ತೆ. ಆಮೇಲೆ ಅಳೆಯುವಾಗ ಹಳೇ ರೀಡಿಂಗ್ ನೋಡ್ಬೇಡಿ, ನೋಡಿದ್ರೆ ಕೈ ತಾನಾಗೇ ಆ ಕಡೆ ಹೋಗುತ್ತೆ.

ಮತ್ತೆ ಬರೆಯೋದು. "ಕೆ1 43.25, ಕೆ2 44.00" ಅಂತಷ್ಟೇ ಬರೆದು ಆಕ್ಸಿಸ್ ಬಿಟ್ಟಿರೋ ಶೀಟು ಈ ಕೆಲಸಕ್ಕೆ ರದ್ದಿ. ಲೆನ್ಸ್ ಪವರ್ ಲೆಕ್ಕಕ್ಕೆ ಸರಾಸರಿ ಸಾಕು ಅಂತ ಆಕ್ಸಿಸ್ ಬರೆಯಲ್ಲ, ಆರು ತಿಂಗಳಾದ್ಮೇಲೆ ಥೀಸಿಸ್ ಹುಡುಗ ಬಂದು ತಲೆ ಮೇಲೆ ಕೈ ಇಟ್ಕೊಂಡು ಕೂರ್ತಾನೆ. 44.00 @ 100, 43.25 @ 10 ಹೀಗೆ ಪೂರ್ತಿ ಬರೀರಿ, ಅಂದ್ರೆ 100 ಡಿಗ್ರಿ ದಿಕ್ಕಲ್ಲಿ 44.00, 10 ಡಿಗ್ರಿ ದಿಕ್ಕಲ್ಲಿ 43.25. ಕೊಯ್ತ ಎಷ್ಟು ಎಂಎಂ, ಎಷ್ಟು ಡಿಗ್ರಿಯಲ್ಲಿ, ಹೊಲಿಗೆ ಬಿತ್ತಾ ಇಲ್ವಾ ಅಂತ ಓಟಿ ನೋಟ್ಸಿಂದ ಅದರ ಪಕ್ಕದಲ್ಲೇ ಬರ್ಕೊಳ್ಳಿ.

ನಾನು ಒಂದ್ಸಲ ಮಾಡಿದ ಎಡವಟ್ಟು ಹೇಳ್ಬಿಡ್ತೀನಿ. ನಲವತ್ತು ಚಿಲ್ಲರೆ ಕಣ್ಣಿನ ಲೆಕ್ಕ ಹಾಕಿ ಚಾರ್ಟ್ ಬಿಡಿಸಿದ್ರೆ ಅರ್ಧ ಕಣ್ಣುಗಳು ಮೇಲಿಂದ ಕೊಯ್ದ್ರೆ ಮೇಲೆ ಫ್ಲ್ಯಾಟ್ ಆಗಿದೆ ಅಂತವೆ, ಇನ್ನರ್ಧ ಮೇಲಿಂದ ಕೊಯ್ದ್ರೆ ಮೇಲೆ ಸ್ಟೀಪ್ ಆಗಿದೆ ಅಂತವೆ, ಹೊಲಿಗೆ ಒಂದಕ್ಕೂ ಇಲ್ಲ. ಎರಡು ದಿನ ಒದ್ದಾಡಿದ್ಮೇಲೆ ಗೊತ್ತಾಯ್ತು, ಬೆಳಗಿನ ಶಿಫ್ಟಿನೋರು ಸ್ಟೀಪ್ ದಿಕ್ಕಿನ ಆಕ್ಸಿಸ್ ಬರೀತಿದ್ರು, ನಾನು ಆಟೋ ಮೆಷಿನ್ ಪ್ರಿಂಟಲ್ಲಿ ಬರೋ ಮೈನಸ್ ಸಿಲಿಂಡರ್ ಆಕ್ಸಿಸ್ ಬರೀತಿದ್ದೆ, ಅದು ಫ್ಲ್ಯಾಟ್ ದಿಕ್ಕು, ಸರಿಯಾಗಿ 90 ಡಿಗ್ರಿ ವ್ಯತ್ಯಾಸ. ಅವತ್ತಿಂದ ಒಂದೇ ನಿಯಮ, ಸಿಲಿಂಡರ್ ಅಂದ್ರೆ ಸ್ಟೀಪ್ ಮೈನಸ್ ಫ್ಲ್ಯಾಟ್, ಆಕ್ಸಿಸ್ ಅಂದ್ರೆ ಸ್ಟೀಪ್ ದಿಕ್ಕು. ನೀವು ಬೇರೆ ನಿಯಮ ಇಟ್ಕೊಂಡ್ರೂ ಪರವಾಗಿಲ್ಲ, ಎಲ್ಲರೂ ಒಂದೇ ಇಟ್ಕೊಳ್ಳಿ.

ಯಾವಾಗ ಅಳೆಯೋದು? ಮಾರನೇ ದಿನ ಅಳೆದು ಬರೆದಿಡಿ ಬೇಕಾದ್ರೆ, ಆದ್ರೆ ಅದನ್ನ ಉತ್ತರ ಅಂದ್ಕೋಬೇಡಿ, ಕೊಯ್ತದ ಹತ್ರ ಊತ ಇರುತ್ತೆ, ಕಾರ್ನಿಯಾ ಮಡಿಕೆ ಮಡಿಕೆ. ಫೇಕೋ ಆದ್ರೆ ಒಂದು ತಿಂಗಳಿಗೆ ಹೆಚ್ಚುಕಮ್ಮಿ ನಿಂತಿರುತ್ತೆ, ಎಸ್‌ಐಸಿಎಸ್ ಆದ್ರೆ ಆರು ವಾರ, ಆದ್ರೆ ಮೂರು ತಿಂಗಳು ಕಾದ್ರೆ ಇನ್ನೂ ಒಳ್ಳೇದು. ಹೇಳೋದು ಸುಲಭ, ಕ್ಯಾಂಪ್ ಪೇಶೆಂಟು ಮೂರು ತಿಂಗಳಿಗೆ ಬರಲ್ಲ, ಕಣ್ಣು ಕಾಣ್ತಿದೆ, ಬಸ್ ಚಾರ್ಜ್ ಯಾಕೆ ದಂಡ, ಅದರ ಮೇಲೆ ಕುಯ್ಲು. ಅದಕ್ಕೆ ನಾವು ಕನ್ನಡಕ ಕೊಡೋ ದಿನವನ್ನೇ ಆರನೇ ವಾರಕ್ಕೆ ಇಟ್ಟು ಅವತ್ತೇ ಕೆ ತೆಗೆದುಬಿಡ್ತೀವಿ. ಎಲ್ಲರಿಗೂ ಒಂದೇ ಟೈಮ್ ಅನ್ನೋದು ಮುಖ್ಯ, ಒಬ್ಬರದು ವಾರಕ್ಕೆ ಇನ್ನೊಬ್ಬರದು ಮೂರು ತಿಂಗಳಿಗೆ ಅಳೆದು ಒಂದೇ ಬುಟ್ಟಿಗೆ ಹಾಕ್ಬೇಡಿ.

ಈಗ ಲೆಕ್ಕ. ಯಾಕೆ ಬರೀ ಮೈನಸ್ ಮಾಡಬಾರದು ಅಂದ್ರೆ, ಸಿಲಿಂಡರ್‌ಗೆ ಅಳತೆಯ ಜೊತೆ ದಿಕ್ಕೂ ಇದೆ. ಎತ್ತು ಏರಿಗೆಳೀತು ಕೋಣ ನೀರಿಗೆಳೀತು ಅಂತಾರಲ್ಲ, ಎರಡರ ಬಲವನ್ನೂ ಕೂಡಿದ್ರೆ ಗಾಡಿ ಎಲ್ಲಿಗೆ ಹೋಯ್ತು ಅಂತ ಗೊತ್ತಾಗಲ್ಲ. ಅದಕ್ಕೇ ವೆಕ್ಟರ್ ಬೇಕು. ಪೊರೆ ಆಪರೇಷನ್ನಿಗೆ ಈ ವೆಕ್ಟರ್ ಲೆಕ್ಕಾನ ಜ್ಯಾಫೆ ಮತ್ತು ಕ್ಲೇಮನ್ ಅನ್ನೋರು 1975ರಲ್ಲಿ ಬರೆದು ತೋರಿಸಿದ್ರು, ಆಮೇಲೆ ಆಲ್ಪಿನ್ಸ್, ಹಾಲಡೇ, ನೇಸರ್ ಅಂತ ಒಬ್ಬೊಬ್ಬರು ಒಂದೊಂದು ರೂಪ ಕೊಟ್ರು, ಒಳಗಿನ ಗಣಿತ ಹತ್ತಿರತ್ತಿರ ಒಂದೇ.

ಆದ್ರೆ ಆಕ್ಸಿಸ್ ಮಾಮೂಲಿ ದಿಕ್ಕಲ್ಲ. ಬೆಂಗಳೂರು-ಮೈಸೂರು ರೋಡು ಅಂದ್ರೂ ಒಂದೇ, ಮೈಸೂರು-ಬೆಂಗಳೂರು ರೋಡು ಅಂದ್ರೂ ಒಂದೇ ಅಲ್ವಾ, ಹಾಗೆ 0 ಡಿಗ್ರಿ ಆಕ್ಸಿಸ್ಸೂ 180 ಡಿಗ್ರಿ ಆಕ್ಸಿಸ್ಸೂ ಒಂದೇ ಗೆರೆ, ಅದಕ್ಕೆ ತಲೆ ಬಾಲ ಇಲ್ಲ. 5 ಡಿಗ್ರಿ ಮತ್ತು 175 ಡಿಗ್ರಿ ನಡುವೆ ಇರೋದು ಬರೀ 10 ಡಿಗ್ರಿ, ಆದ್ರೆ ಕ್ಯಾಲ್ಕುಲೇಟರ್‌ಗೆ ಸರಾಸರಿ ಕೇಳಿದ್ರೆ 90 ಅನ್ನುತ್ತೆ, ಪೂರ್ತಿ ಅಡ್ಡ. ಇದಕ್ಕೆ ಪರಿಹಾರ ಆಕ್ಸಿಸ್‌ನ ಎರಡರಿಂದ ಗುಣಿಸೋದು. ಆಗ 0 ಮತ್ತು 180 ಅನ್ನೋದು 0 ಮತ್ತು 360 ಆಗಿ ಒಂದೇ ಜಾಗಕ್ಕೆ ಬರುತ್ತೆ, 90 ಅನ್ನೋದು 180 ಆಗಿ ಸರಿಯಾಗಿ ಎದುರಿಗೆ ಹೋಗುತ್ತೆ. ಕೊನೆಯಲ್ಲಿ ಬಂದ ಕೋನವನ್ನ ಅರ್ಧ ಮಾಡ್ಬೇಕು, ಅಷ್ಟೇ ಗುಟ್ಟು.

ಅಜ್ಜನ ಬಲಗಣ್ಣು ತಗೊಳ್ಳೋಣ, ಎಸ್‌ಐಸಿಎಸ್, ಕೊಯ್ತ ಮೇಲ್ಗಡೆ, ಗಡಿಯಾರದ 12ಕ್ಕಿಂತ ಒಂಚೂರು 11ರ ಕಡೆ, ಸುಮಾರು 105 ಡಿಗ್ರಿ. ಮುಂಚೆ 0.75 @ 100. ಆರು ವಾರ ಆದ್ಮೇಲೆ 44.00 @ 20, 43.00 @ 110, ಅಂದ್ರೆ 1.00 @ 20.

ಕಂಪ್ಯೂಟರ್ ಬೇಡ, ಗ್ರಾಫ್ ಹಾಳೆ ತಗೊಳ್ಳಿ. ಒಂದು ಡಯಾಪ್ಟರ್‌ಗೆ 5 ಸೆಂಟಿಮೀಟರ್. ಮಧ್ಯದಲ್ಲಿ ಚುಕ್ಕಿ. ಮುಂಚಿನದು 100ರ ಡಬಲ್ 200 ಡಿಗ್ರಿ, ಕೋನಮಾಪಕ ಇಟ್ಟು ಆ ಕಡೆಗೆ 3.75 ಸೆಂಟಿಮೀಟರ್ ಗೆರೆ. ಆಮೇಲಿನದು 20ರ ಡಬಲ್ 40 ಡಿಗ್ರಿ, ಆ ಕಡೆಗೆ 5 ಸೆಂಟಿಮೀಟರ್. ಮೊದಲ ಗೆರೆಯ ತುದಿಯಿಂದ ಎರಡನೇ ಗೆರೆಯ ತುದಿಗೆ ಸ್ಕೇಲ್ ಇಟ್ಟು ಅಳೆಯಿರಿ, 8.6 ಸೆಂಟಿಮೀಟರ್ ಬರುತ್ತೆ, ಐದರಿಂದ ಭಾಗಿಸಿ, 1.72 ಡಯಾಪ್ಟರ್. ಆ ಗೆರೆ ಅಡ್ಡಗೆರೆಯಿಂದ ಎಷ್ಟು ಕೋನದಲ್ಲಿದೆ, ಸುಮಾರು 31, ಅರ್ಧ ಮಾಡಿದ್ರೆ 16. ಉತ್ತರ 1.72 @ 16. ಅಂದ್ರೆ ಸರ್ಜರಿ 16 ಡಿಗ್ರಿ ದಿಕ್ಕನ್ನ ಅಷ್ಟು ಉಬ್ಬಿಸಿದೆ, ಅಂದ್ರೆ 106 ಡಿಗ್ರಿಯನ್ನ ಅಷ್ಟು ಚಪ್ಪಟೆ ಮಾಡಿದೆ, ಕೊಯ್ತ ಇದ್ದಿದ್ದು 105ರಲ್ಲಿ, ತಾಳೆ ಆಯ್ತಲ್ಲ. ಲೆಕ್ಕದಿಂದ ಬರೋ ಆಕ್ಸಿಸ್ ಸ್ಟೀಪ್ ಆದ ದಿಕ್ಕು, ಕೊಯ್ತ ಅದಕ್ಕೆ ಅಡ್ಡ, ಇದನ್ನ ಮರೆತು "ಕೊಯ್ತದಿಂದ 90 ಡಿಗ್ರಿ ದೂರದಲ್ಲಿ ಬಂದಿದೆ, ಏನೋ ತಪ್ಪಾಗಿದೆ" ಅಂತ ಗಾಬರಿ ಬೀಳೋರು ತುಂಬಾ.

ಹಾಳೆ ಮೇಲೆ ಕಡೇಪಕ್ಷ ಹತ್ತು ಕಣ್ಣು ಮಾಡಿ, ಆಮೇಲೆ ಎಕ್ಸೆಲ್‌ಗೆ ಹೋಗಿ. ಅಲ್ಲಿ ಮಾಡಬೇಕಿರೋದು ಇಷ್ಟೇ:

ಎಕ್ಸ್ = ಸಿಲಿಂಡರ್ × ಕಾಸ್ (2 × ಆಕ್ಸಿಸ್)
ವೈ = ಸಿಲಿಂಡರ್ × ಸೈನ್ (2 × ಆಕ್ಸಿಸ್)

ಮುಂಚಿನದಕ್ಕೆ ಎಕ್ಸ್ -0.705, ವೈ -0.257. ಆಮೇಲಿನದಕ್ಕೆ ಎಕ್ಸ್ 0.766, ವೈ 0.643. ಆಮೇಲಿನದರಲ್ಲಿ ಮುಂಚಿನದು ಕಳೆದ್ರೆ ಎಕ್ಸ್ 1.471, ವೈ 0.899. ಎರಡರ ವರ್ಗ ಕೂಡಿಸಿ ವರ್ಗಮೂಲ ತೆಗೆದ್ರೆ 1.72. ಹಾ, ಮೈನಸ್ ಮಾಡೋದು ಇಲ್ಲಿ, ಇಲ್ಲಿ ಮಾತ್ರ. ಎಕ್ಸೆಲ್‌ನ ಕಾಸ್, ಸೈನ್‌ಗೆ ಡಿಗ್ರಿ ಅರ್ಥ ಆಗಲ್ಲ, ಕೋನವನ್ನ ರೇಡಿಯನ್ಸ್ ಫಂಕ್ಷನ್ ಒಳಗೆ ಹಾಕಿ ಕೊಡ್ಬೇಕು, ಕೊನೇಲಿ ಬರೋ ಕೋನವನ್ನ ಡಿಗ್ರೀಸ್ ಫಂಕ್ಷನ್‌ಗೆ ಹಾಕಿ ವಾಪಸ್ ತರ್ಬೇಕು, ಅರ್ಧ ಮಾಡ್ಬೇಕು, ನೆಗೆಟಿವ್ ಬಂದ್ರೆ 180 ಕೂಡಿಸ್ಬೇಕು.

ಆ ಕೋನ ಕಂಡುಹಿಡಿಯೋ ಜಾಗದಲ್ಲೇ ದೊಡ್ಡ ಗುಂಡಿ ಇರೋದು. ವೈ ಭಾಗಿಸು ಎಕ್ಸ್ ಅಂತ ಮಾಡಿ ಎಟ್ಯಾನ್ (ATAN) ಫಂಕ್ಷನ್ ಹಾಕಿದ್ರೆ ಕೆಲವು ಕಣ್ಣಲ್ಲಿ ಸರಿ ಬರುತ್ತೆ, ಕೆಲವು ಕಣ್ಣಲ್ಲಿ ಸರಿಯಾಗಿ 90 ಡಿಗ್ರಿ ತಪ್ಪು ಬರುತ್ತೆ, ಎಕ್ಸ್ ನೆಗೆಟಿವ್ ಇದ್ದಾಗೆಲ್ಲಾ ತಪ್ಪು. ಅದಕ್ಕೆ ಎಟ್ಯಾನ್2 ಬಳಸಿ. ಅದರಲ್ಲೂ ಎಕ್ಸೆಲ್, ಗೂಗಲ್ ಶೀಟ್ಸ್ ಎರಡರಲ್ಲೂ ಮೊದಲು ಎಕ್ಸ್ ಆಮೇಲೆ ವೈ, ಪೈಥಾನ್ ಥರದ ಭಾಷೆಗಳಲ್ಲಿ ಮೊದಲು ವೈ ಆಮೇಲೆ ಎಕ್ಸ್. ಇದನ್ನ ಮೊಬೈಲ್ ಮೇಲೆ ಸ್ಟಿಕ್ಕರ್ ಅಂಟಿಸಿ ಇಟ್ಕೊಂಡ್ರೂ ತಪ್ಪಿಲ್ಲ. ಇದೆಲ್ಲಾ ತಲೆನೋವು ಅನ್ಸಿದ್ರೆ ನಮ್ಮ ಕಡೆ ಥೀಸಿಸ್‌ಗಳಲ್ಲಿ ತುಂಬಾ ಓಡೋ ಎಸ್‌ಐಎ (ಸರ್ಜರಿಯಿಂದ ಬಂದ ಅಸ್ಟಿಗ್ಮ್ಯಾಟಿಸಂ) ಕ್ಯಾಲ್ಕುಲೇಟರ್ ಅನ್ನೋ ಎಕ್ಸೆಲ್ ಶೀಟ್ ಇದೆ, ಹಾಕಿದ್ರೆ ಉತ್ತರ ಕೊಡುತ್ತೆ, ಆದ್ರೆ ಒಳಗೆ ಏನಾಗ್ತಿದೆ ಅಂತ ಗೊತ್ತಿಲ್ಲದೆ ಬಳಸಿದ್ರೆ ಆಕ್ಸಿಸ್ ಉಲ್ಟಾ ಹಾಕಿದ್ದೂ ಗೊತ್ತಾಗಲ್ಲ.

ಒಂದು ಕಣ್ಣಿನ ಉತ್ತರದಿಂದ ಸರ್ಜನ್ ಬಗ್ಗೆ ಏನೂ ಹೇಳಕ್ಕಾಗಲ್ಲ, ತುಂಬಾ ಕಣ್ಣು ಸೇರಿಸ್ಬೇಕು, ಅಲ್ಲಿ ಎರಡನೇ ಗೊಂದಲ. ಎಲ್ಲಾ ಕಣ್ಣಿನ ಅಳತೆಗಳನ್ನ ಮಾತ್ರ ತಗೊಂಡು ಸರಾಸರಿ ಮಾಡೋದು ಒಂದು, ಎಲ್ಲಾ ಎಕ್ಸ್‌ಗಳ ಸರಾಸರಿ, ಎಲ್ಲಾ ವೈಗಳ ಸರಾಸರಿ ತೆಗೆದು ಅದರಿಂದ ಮತ್ತೆ ಅಳತೆ ಕಟ್ಟೋದು ಇನ್ನೊಂದು. ಈ ಎರಡನೇದಕ್ಕೆ ಸೆಂಟ್ರಾಯ್ಡ್ ಅಂತಾರೆ. ಒಂದು ಕಣ್ಣಲ್ಲಿ 0.50 @ 90, ಇನ್ನೊಂದರಲ್ಲಿ 0.50 @ 180 ಅಂದ್ಕೊಳ್ಳಿ. ಅಳತೆಯ ಸರಾಸರಿ 0.50, ಸೆಂಟ್ರಾಯ್ಡ್ ಸೊನ್ನೆ. ಮತ್ತದೇ ಎತ್ತು, ಕೋಣ. ಸಣ್ಣ ಕೊಯ್ತದ ಫೇಕೋದಲ್ಲಿ ಅಳತೆಯ ಸರಾಸರಿ ಅರ್ಧ ಡಯಾಪ್ಟರ್ ಹತ್ರ ಬಂದು ಸೆಂಟ್ರಾಯ್ಡ್ 0.1, 0.2 ಬರೋದು ಮಾಮೂಲಿ, ಉಳಿದಿದ್ದು ಬಹುಪಾಲು ಅಳೆಯೋದರಲ್ಲಿನ ಆಚೀಚೆ. ಟೋರಿಕ್ ಲೆನ್ಸ್ (ಸಿಲಿಂಡರ್ ಸರಿಪಡಿಸೋಕೆ ಕಣ್ಣೊಳಗೆ ಹಾಕೋ ಲೆನ್ಸ್) ಕ್ಯಾಲ್ಕುಲೇಟರ್‌ನಲ್ಲಿ ನಿಮ್ಮ ಎಸ್‌ಐಎ ಹಾಕಿ ಅಂತ ಕೇಳೋದು ಸೆಂಟ್ರಾಯ್ಡ್, ಅಲ್ಲಿ 0.50 ಹಾಕಿದ್ರೆ ಇಲ್ಲದ ಸಿಲಿಂಡರ್‌ಗೆ ಲೆನ್ಸ್ ಆರಿಸಿದ ಹಾಗಾಗುತ್ತೆ. ಪೇಪರ್ ಬರೆಯೋರು ಎರಡನ್ನೂ ಕೊಡಿ, ಯಾವುದು ಯಾವುದು ಅಂತ ಹೆಸರು ಹಾಕಿ.

ಬಲಗಣ್ಣು ಎಡಗಣ್ಣು ಬೆರೆಸೋ ಮುಂಚೆ ಇನ್ನೊಂದು ಕೆಲಸ. ಎದುರಿಗೆ ಕೂತು ನೋಡುವಾಗ ಆಕ್ಸಿಸ್ ಎರಡೂ ಕಣ್ಣಿಗೂ ನಮ್ಮ ಬಲಗಡೆಯಿಂದಲೇ ಶುರುವಾಗುತ್ತೆ, ಹಾಗಾಗಿ 0 ಅನ್ನೋದು ಬಲಗಣ್ಣಿಗೆ ಮೂಗಿನ ಕಡೆ, ಎಡಗಣ್ಣಿಗೆ ಕಿವಿ ಕಡೆ. ಬಲಗಣ್ಣಿನ 105ಕ್ಕೆ ಎಡಗಣ್ಣಲ್ಲಿ ಜೋಡಿ 75. ಎಲ್ಲಾ ಎಡಗಣ್ಣಿನ ಆಕ್ಸಿಸ್‌ನ 180ರಿಂದ ಕಳೆದು ಕನ್ನಡಿಯಲ್ಲಿ ತಿರುಗಿಸಿದ ಹಾಗೆ ಮಾಡ್ಕೊಂಡು ಆಮೇಲೆ ಸೇರಿಸಿ, ಇಲ್ಲಾಂದ್ರೆ ಓರೆ ಕೊಯ್ತಗಳ ಪರಿಣಾಮ ಒಂದನ್ನೊಂದು ಹೊಡೆದು ಹಾಕಿ ನಿಮ್ಮ ಸರ್ಜನ್ ಸುಮ್ಮನೆ ಹೀರೋ ಆಗ್ತಾರೆ.

ಇನ್ನೊಂದು ನನಗೆ ತುಂಬಾ ಇಷ್ಟವಾದ ಪರೀಕ್ಷೆ ಇದೆ. ಅದೇ ಪೇಶೆಂಟ್‌ನ ಆಪರೇಷನ್ ಆಗದ ಇನ್ನೊಂದು ಕಣ್ಣಿಗೂ ಎರಡೂ ದಿನ ಕೆ ತೆಗೆದು ಇದೇ ಲೆಕ್ಕ ಹಾಕಿ. ಯಾರೂ ಮುಟ್ಟದ ಕಣ್ಣು, ಸೊನ್ನೆ ಬರಬೇಕು. ಬರಲ್ಲ. ಬಂದಿದ್ದು ಎಷ್ಟೋ ಅಷ್ಟು ನಿಮ್ಮ ಕೈ, ಮೆಷಿನ್, ಕಣ್ಣೀರಿನ ಪಾಲು. ಸರ್ಜರಿ ಆದ ಕಣ್ಣಿನ ಉತ್ತರ ಇದಕ್ಕಿಂತ ಸ್ವಲ್ಪವೇ ಜಾಸ್ತಿ ಇದ್ರೆ ಅದರ ಮೇಲೆ ದೊಡ್ಡ ದೊಡ್ಡ ಮಾತು ಬರೀಬೇಡಿ. ಮತ್ತೆ ಇಷ್ಟೆಲ್ಲಾ ಮಾಡಿದ್ರೂ ಕೆರಟೋಮೀಟರ್ ನೋಡೋದು ಕಾರ್ನಿಯಾದ ಮುಂದಿನ ಮೈ ಮಾತ್ರ. ಹಿಂದಿನ ಮೈಗೂ ಸರಾಸರಿ 0.3 ಡಯಾಪ್ಟರ್ ಹತ್ರ ಸಿಲಿಂಡರ್ ಇರುತ್ತೆ, ಅದು ಬೇಕಂದ್ರೆ ಪೆಂಟಾಕ್ಯಾಮ್ ಥರದ ಮೆಷಿನ್ ಬೇಕು.

ಅಜ್ಜನ ಕಥೆ ಪೂರ್ತಿ ಮಾಡ್ತೀನಿ. ಎಡಗಣ್ಣಲ್ಲಿ ಮುಂಚೆಯೇ 44.50 @ 175, 43.25 @ 85, ಅಂದ್ರೆ 1.25 @ 175, ವಯಸ್ಸಾದವರಲ್ಲಿ ಸಾಮಾನ್ಯವಾಗಿ ಬರೋ ಅಡ್ಡ ಸ್ಟೀಪ್. ಬಲಗಣ್ಣಿನ ಹಾಗೇ ಮೇಲಿಂದ ಕೊಯ್ದಿದ್ರೆ ಮೇಲಿನದು ಚಪ್ಪಟೆ ಆಗಿ ಅಡ್ಡ ಇನ್ನೂ ಉಬ್ಬಿ ಅದೇ ಕಡೆಗೆ ಇನ್ನೂ ಒಂದೂವರೆ ಸೇರ್ತಿತ್ತು. ಬಲಗಣ್ಣಿನ ಗ್ರಾಫ್ ಹಾಳೆ ಕೇಸ್ ಶೀಟಿಗೆ ಪಿನ್ ಮಾಡಿದ್ದೆ, ಡಾಕ್ಟರ್ ನೋಡಿ ಸ್ಟೂಲ್ ಪಕ್ಕಕ್ಕೆ ಎಳ್ಕೊಂಡು ಕಿವಿ ಕಡೆಯಿಂದ ಟನಲ್ ಹಾಕಿದ್ರು. ಆರು ವಾರಕ್ಕೆ 0.50 @ 5. ಕಳೆದ್ರೆ ಎಕ್ಸ್ -0.739, ವೈ 0.304, ಅಳತೆ 0.80. ಎಟ್ಯಾನ್ ಹಾಕಿದ ನಮ್ಮ ಇಂಟರ್ನ್ ಹುಡುಗಿಗೆ ಆಕ್ಸಿಸ್ 169 ಬಂತು, ಅಂದ್ರೆ ಕೊಯ್ದ ಕಡೆಯೇ ಉಬ್ಬಿದೆ ಅಂತ. "ಸಾರ್, ಹೊಲಿಗೆ ಹಾಕಿದ್ರಾ?" ಅಂದ್ಲು. ಇಲ್ಲಮ್ಮ, ಎಟ್ಯಾನ್2 ಹಾಕು ಅಂದೆ, 79 ಬಂತು, ಅಂದ್ರೆ ಚಪ್ಪಟೆ ಆಗಿದ್ದು 169ರಲ್ಲಿ, ಕೊಯ್ತ ಇದ್ದ ಕಡೆಯೇ ಹೆಚ್ಚುಕಮ್ಮಿ. ಇಲ್ಲಿ ಬರೀ ಮೈನಸ್ ಮಾಡಿದ್ರೂ 0.75 ಬರ್ತಿತ್ತು, ಸರಿ ಉತ್ತರಕ್ಕೆ ಹತ್ರವೇ, ಯಾಕಂದ್ರೆ ಆಕ್ಸಿಸ್ ಜಾಗ ಬಿಟ್ಟು ಕದಲಿಲ್ಲ. ಇಂಥ ನಾಲ್ಕು ಕಣ್ಣು ನೋಡಿಯೇ ಜನ ಮೈನಸ್ ಸಾಕು ಅಂತ ನಂಬೋದು. ಅಜ್ಜನಿಗೆ ಎಡಗಣ್ಣಿಗೆ ದೂರಕ್ಕೆ ಕನ್ನಡಕ ಬೇಡ ಅಂತ ಆಯ್ತು, ಬಲಗಣ್ಣಿಗೆ ಒಂದು ಸಿಲಿಂಡರ್ ಬರೆದುಕೊಟ್ಟೆ, "ಒಂದೇ ಡಾಕ್ಟ್ರು, ಒಂದೇ ಆಪರೇಷನ್ನು, ಇದಕ್ಕೆ ಮಾತ್ರ ಯಾಕೆ ಗಾಜು" ಅಂತ ಕೇಳಿದ್ರು, ಗ್ರಾಫ್ ಹಾಳೆ ತೋರಿಸ್ದೆ, ಎರಡು ಗೆರೆನೂ ಬೆರಳಲ್ಲಿ ಮುಟ್ಟಿ ನೋಡಿ ಇದನ್ನ ಮನೆಗೆ ತಗೊಂಡು ಹೋಗ್ಲಾ ಅಂದ್ರು, ಜೆರಾಕ್ಸ್ ಮಾಡಿಸಿ ಕೊಟ್ಟೆ.